ಮಾತು ಕೊಡದ ಪ್ರಾಂಪ್ಟರ್

ತಲೆಗೆ ಪೆಟ್ಟು ಬಿದ್ದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದರಲ್ಲಿ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ಊರುಗಳ ನಡುವೆ ನಮ್ಮಣ್ಣನನ್ನು ಮೀರಿಸುವವರು ಯಾರೂ ಇರಲಿಲ್ಲ. ಅವನಿಗೇ ಸರಿಯಾಗಿ ಮಾತು ಬರುತ್ತಿರಲಿಲ್ಲ ಎಂಬುದೊಂದು ಸಣ್ಣ ಕೊರತೆ. ಸಣ್ಣ ಕೊರತೆ ಯಾರಲ್ಲಿಲ್ಲ ಹೇಳಿ? ನಮ್ಮೂರ ಸಂತೆಯಲ್ಲಿ ಕೂದಲು ಬೆಳೆಸುವ ಎಣ್ಣೆ ಮಾರುತ್ತಿದ್ದವನ ತಲೆ ತಿಕ್ಕಿದ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಜನ ಅವನ ಹತ್ತಿರ ಎಣ್ಣೆ ಕೊಳ್ಳುತ್ತಿರಲಿಲ್ಲವೆ?

ನಾನು ಕಲಿತದ್ದು ಕನ್ನಡ ಮೂರನೆಯ ಇಯತ್ತೆ. ಅದು ಪಾಸಾಯಿತೋ ಇಲ್ಲವೋ ತಿಳಿಯುವ ಮೊದಲೇ ಮದುವೆಯಾಯಿತು. ಮದುವೆ ಏನೆಂದು ತಿಳಿಯುವ ಮೊದಲೇ ಗಂಡ ತೀರಿಕೊಂಡ. ಹಾನಗಲ್ಲಿನ ತವರುಮನೆಗೆ ತಿರುಗಿ ಬಂದೆ. ಮನೆಯಲ್ಲಿ ಇದ್ದವರು ದೊಡ್ಡವ್ವ ಮತ್ತು ಆಗಾಗ ಬಂದುಹೋಗುವ ಅಣ್ಣ. ಅಕ್ಷರ ಮರೆಯದೆ ಉಳಿದದ್ದು ಅಣ್ಣ ತರುತ್ತಿದ್ದ ನಾಟಕಗಳ ಪ್ರತಿ ನಕಲು ಮಾಡಿದ್ದರಿಂದ. ಹಾಗಾಗಿ ನನ್ನ ಬರವಣಿಗೆಯಲ್ಲಿ ಎಲ್ಲಿಯಾದರೂ ರಾಜ ಪ್ರವೇಶಿಸಿದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಅಣ್ಣ ಒಂದು ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದ. ರಂಗದ ಪಕ್ಕದಲ್ಲಿ, ಜನರಿಗೆ ಕಾಣದ ಹಾಗೆ, ಪ್ರತಿ ಹಿಡಿದು ಕೂತು, ಮಾತು ಮರೆತ ನಟನಿಗೆ ಪಿಸುದನಿಯಲ್ಲಿ ಮುಂದಿನ ಮಾತು ಕೊಡುವ ಕೆಲಸ. ರಾಜ, ಮಂತ್ರಿ, ರಾಕ್ಷಸ ಎಲ್ಲರೂ ಇವನ ಬಾಯಿಂದಲೇ ಬದುಕುತ್ತಿದ್ದರು. ಚಪ್ಪಾಳೆ ಮಾತ್ರ ಅವರಿಗೆ.

ಈ ಉದ್ಯೋಗ ಅವನ ರಕ್ತಕ್ಕಿಳಿದಿತ್ತು. ರಜೆಯಲ್ಲಿ ಮನೆಗೆ ಬಂದಾಗಲೂ ಯಾರು ಮಾತಾಡಿದರೂ ಅವರ ಜೊತೆಗೆ ಅವನ ತುಟಿ ಆಡುತ್ತಿತ್ತು. ಒಂದು ಮದುವೆಯಲ್ಲಿ ಮಂತ್ರ ಹೇಳುತ್ತಿದ್ದ ಅಯ್ಯನವರು ಸೀನಲು ನಿಂತರೆ, ಕಂಬದ ಹಿಂದಿನಿಂದ ಮುಂದಿನ ಮಂತ್ರ ಕೇಳಿಸಿತು! ನಮ್ಮ ದೊಡ್ಡವ್ವ ಪಕ್ಕದ ಮನೆಯವಳೊಡನೆ ಜಗಳಕ್ಕಿಳಿದು, ಬೈಗುಳದ ನಡುವೆ ಉಸಿರು ತೆಗೆದುಕೊಳ್ಳಲು ನಿಂತಳೆಂದರೆ ಒಳಮನೆಯಿಂದ ಮುಂದಿನ ಬೈಗುಳ ಬರುತ್ತಿತ್ತು.

"ಏ ಭಾಡ್ಯಾ, ನನ್ನ ಜಗಳ ನನಗ ಆಡಾಕ ಬಿಡು!" ಎಂದು ದೊಡ್ಡವ್ವ ಒಳಗೆ ನುಗ್ಗಿ ಅವನನ್ನೇ ಬೈಯುತ್ತಿದ್ದಳು. ಅದಕ್ಕೂ ಅವನ ತುಟಿ ಆಡುತ್ತಿತ್ತು.

ಆದರೆ ಕೆಲಸದಲ್ಲಿ ಅವನು ಗಟ್ಟಿಗ. ಒಮ್ಮೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಒಲೆಯ ಮುಂದೆ ಕೂತು ಹೇಳಿದ್ದ: "ಹೊಸಾ ಪ್ರಾಂಪ್ಟರ್ ಇರ್ತಾನ ನೋಡು, ನಟ ಸುಮ್ಮನಾದ ಕೂಡ್ಲೆ ಮಾತು ಒಗೀತಾನ. ಹಳಬ ಹಂಗ ಮಾಡೂದಿಲ್ಲ. ಅಂವ ನಟನ ಗಂಟಲ ನೋಡ್ತಾನ. ಗಂಟಲಗಂಟು ಮ್ಯಾಲ ಕೆಳಗ ಆಡಾಕತ್ತಿದ್ರ ಮಾತು ಬರಾಕತ್ತೇತಿ ಅಂತ ತಿಳೀಬೇಕು. ಆವಾಗ ನೀ ಮಾತು ಕೊಟ್ಟಿ ಅಂದ್ರ, ಅವನ ಮಾತು ಅಲ್ಲೇ ಸಾಯ್ತೈತಿ."

"ಹೌದೇನು? ಉಳ್ಳಾಗಡ್ಡಿ ಹೆಚ್ಚಿ ಕೊಡು," ಎಂದೆ ನಾನು. ನನಗೆ ಉಪದೇಶ ಮಾಡಿದವರಿಗೆಲ್ಲ ಉಳ್ಳಾಗಡ್ಡಿ ಹೆಚ್ಚಲು ಕೊಡುವುದು ನನ್ನ ಪದ್ಧತಿ.

ಕಂಪನಿ ಸವಣೂರಿನಲ್ಲಿ ಬೀಡುಬಿಟ್ಟಿದ್ದಾಗ ಅಣ್ಣನ ತಲೆಯ ಮೇಲೆ ಅರಮನೆ ಬಿತ್ತು. ಬಣ್ಣದ ಪರದೆಯ ಮೇಲೆ ಬರೆದ ಅರಮನೆ. ಆದರೆ ಅದನ್ನು ಸುತ್ತುವ ಮರದ ಉರುಳೆ ಬರೆದದ್ದಲ್ಲ, ಸಾಗವಾನಿಯದು. ಹಗ್ಗ ಹರಿಯಿತು. ಕಾಡಿನ ದೃಶ್ಯದಲ್ಲಿ ಅರಮನೆ ಇಳಿಯುತ್ತಿರುವುದನ್ನು ನೋಡಿ ಅಣ್ಣ ಎದ್ದು ನಿಂತು "ಪರದೆ ಜಗ್ಗು!" ಎಂದು ಕೂಗಿದನಂತೆ. ಎದ್ದು ನಿಲ್ಲದಿದ್ದರೆ ತಲೆ ಉಳಿಯುತ್ತಿತ್ತು. ಜನ್ಮವೆಲ್ಲ ಕೂತೇ ಕೆಲಸ ಮಾಡಿದವನು ಒಂದೇ ಒಂದು ಸಲ ಎದ್ದು ನಿಂತ!

ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಬಹಳ ದಿನ ಮಲಗಿದ್ದ. ಕಣ್ಣು ಬಿಟ್ಟ. ನಮ್ಮ ಗುರುತು ಹಿಡಿದ. ಎದ್ದು ನಡೆದಾಡಿದ, ಬಲಗಾಲು ಮಾತ್ರ ಸ್ವಲ್ಪ ಹಿಂದೆ ಉಳಿಯುತ್ತಿತ್ತು. ಮಾತು ಮಾತ್ರ ಬರಲಿಲ್ಲ. ಅಲ್ಲಿಯ ಡಾಕ್ಟರು ಒಳ್ಳೆಯವರು. ನನ್ನಂಥವಳಿಗೂ ತಿಳಿಯುವ ಹಾಗೆ ಹೇಳಿದರು: "ಮಾತು ಹೋಗಿಲ್ಲವಾ. ಒಳಗ ಎಲ್ಲಾ ಅದ. ಹೊರಗ ಬರೋ ಹಾದಿ ಕೆಟ್ಟದ. ಹೊಸಾ ಕಾಲುಹಾದಿ ತುಳೀಬೇಕು. ಅವರನ್ನ ಸುಮ್ಮನ ಕೂಡಿಸಬ್ಯಾಡ್ರಿ, ದಿನಾ…" ಎಂದು ಇನ್ನೊಂದು ಮಾತು ಹೇಳಿದರು. ನನಗೆ ಕೇಳಿಸಿದ್ದು "ದಿನಾ ಮಾತಾಡ್ರಿ" ಎಂದು.

ಆಹಾ! ಇಂಥ ಔಷಧ ಬರೆದುಕೊಡುವ ಡಾಕ್ಟರು ಯಾರಿಗೆ ಸಿಗುತ್ತಾರೆ? ಹುಟ್ಟಿದಾಗಿನಿಂದ "ಬಾಯಿ ಮುಚ್ಚು" ಎಂಬುದೊಂದೇ ಮಾತು ಕೇಳಿ ಬೆಳೆದವಳು ನಾನು. ಈಗ ಸರಕಾರಿ ಅಪ್ಪಣೆ ಸಿಕ್ಕಂತಾಯಿತು. ಹುಬ್ಬಳ್ಳಿಯಿಂದ ಹಾನಗಲ್ಲಿನವರೆಗೆ ಬಸ್ಸಿನಲ್ಲಿ ಅಣ್ಣನಿಗೆ ಔಷಧ ಕುಡಿಸುತ್ತಲೇ ಬಂದೆ. ನಮ್ಮ ಮುಂದಿನ ಸೀಟಿನವರು ಬಂಕಾಪುರದಲ್ಲೇ ಇಳಿದುಬಿಟ್ಟರು. ಅವರು ಹೋಗಬೇಕಾದದ್ದು ಹಾನಗಲ್ಲಿಗೆ ಎಂದು ಆಮೇಲೆ ತಿಳಿಯಿತು.

ಅಣ್ಣನ ಬಾಯಲ್ಲಿ ಉಳಿದದ್ದು ಎರಡೇ ಶಬ್ದ. ಪೆಟ್ಟು ಬೀಳುವಾಗ ಕೂಗಿದ "ಪರದೆ ಜಗ್ಗು." ಊಟ ಆಯಿತೇ ಎಂದರೂ ಅದೇ, ನಿದ್ದೆ ಬಂತೇ ಎಂದರೂ ಅದೇ. ದನಿ ಮಾತ್ರ ಬೇರೆ ಬೇರೆ. ಸಿಟ್ಟಿನ ಪರದೆ ಜಗ್ಗು, ಮುದ್ದಿನ ಪರದೆ ಜಗ್ಗು, ಹೊಟ್ಟೆ ಹಸಿದ ಪರದೆ ಜಗ್ಗು. ತನಗೆ ಬೇಕಾದದ್ದು ಅದಲ್ಲವೆಂದು ಅವನಿಗೂ ಗೊತ್ತಿತ್ತು. ಹೇಳಿದ ಮೇಲೆ ಹಣೆ ಬಡಿದುಕೊಳ್ಳುತ್ತಿದ್ದ.

ಊರಿನ ಹಿರಿಯ ಗೌಡರೊಬ್ಬರು ತೀರಿಕೊಂಡರು. ಅಣ್ಣನೂ ಹೋಗಿ ಹೆಣದ ಮುಂದೆ ಕೈಮುಗಿದು ನಿಂತ. ಗೌಡರ ಮಗ ಅಳುತ್ತ, "ನೋಡ್ರಿ, ಹೆಂಗಾತು," ಎಂದ. ಅಣ್ಣ ನಿಟ್ಟುಸಿರು ಬಿಟ್ಟು, ಅಂತಃಕರಣದಿಂದ, "ಪರದೆ… ಜಗ್ಗು," ಎಂದ. ಅಳುತ್ತಿದ್ದವರೆಲ್ಲ ಅವನ ಕಡೆ ತಿರುಗಿದರು.

"ಎಂಥಾ ಮಾತಂದ್ರಿಪಾ! ಎಲ್ಲಾ ನಾಟಕ, ಪರದೆ ಬಿತ್ತು, ಮುಗೀತು!" ಎಂದರು ಒಬ್ಬ ಹಿರಿಯರು.

"ತಲಿಗೆ ಪೆಟ್ಟು ಬಿದ್ದ ಮ್ಯಾಲೆ ಜ್ಞಾನ ಆಗೇತಿ," ಎಂದರು ಇನ್ನೊಬ್ಬರು.

ಅಲ್ಲಿಂದ ಮುಂದೆ ಹದಿನೈದು ಇಪ್ಪತ್ತು ದಿನ ನಮ್ಮ ಮನೆಗೆ ಜನ ಕಾಯಿ ಕರ್ಪೂರ ಹಿಡಿದುಕೊಂಡು ಬಂದರು! ಒಬ್ಬ ಹುಡುಗಿಯ ತಂದೆ ಈ ವರ್ಷ ಲಗ್ನವಾಗುತ್ತದೆಯೇ ಎಂದು ಕೇಳಿ, "ಪರದೆ ಜಗ್ಗು" ಎಂದು ಅಪ್ಪಣೆ ಪಡೆದು, ಆ ಪರದೆ ಅಂತರಪಟವೇ ಎಂದು ತಿಳಿದು ಲಗ್ನ ಮಾಡಿಯೇಬಿಟ್ಟ. ಆ ಹುಡುಗಿ ಇಂದಿಗೂ ಸುಖವಾಗಿದ್ದಾಳೆ. ಇದನ್ನು ಏನೆನ್ನಬೇಕೋ ನನಗೆ ತಿಳಿಯದು.

ಈ ಗದ್ದಲದಲ್ಲಿ ಅಣ್ಣನ ಮಾತಿಗೆ ಅರ್ಥ ಹೇಳುವವರೊಬ್ಬರು ಬೇಕಾಯಿತು. ಮನೆಯಲ್ಲಿ ನಾನೇ ಇದ್ದೆ. "ಅಣ್ಣ ಚಾ ಬ್ಯಾಡ ಅಂತಾನ್ರಿ," "ಅಣ್ಣಗ ನಿಮ್ಮ ಮಗನ ಸುದ್ದಿ ಕೇಳಿ ಸಂತೋಷ ಆಗೇತ್ರಿ," "ಅಣ್ಣ ಹೇಳ್ತಾನ, ಹೊಲ ಪಾಲಿಗೆ ಕೊಡಬ್ಯಾಡ್ರಿ ಅಂತ." ಅವನು ಬಾಯಿ ತೆರೆಯುವಷ್ಟರಲ್ಲಿ ನಾನು ಮಾತು ಮುಗಿಸುತ್ತಿದ್ದೆ. ಅವನ ಬಾಯಿಗೆ ಮೊದಲಕ್ಷರ ಬರತೊಡಗಿತ್ತು. 'ನೀ' ಎಂದರೆ ನೀರು, 'ಹಾ' ಎಂದರೆ ಹಾಸಿಗೆ ಎಂದು ನಾನು ಓಡಾಡುತ್ತಿದ್ದೆ. ಊರೆಲ್ಲ ಹೊಗಳಿತು: "ಎಂಥಾ ತಂಗೀರಿ! ಅಣ್ಣಗ ನಾಲಿಗಿ ಆಗ್ಯಾಳ!"

ಎಷ್ಟು ಸೊಗಸಾಗಿತ್ತು! ಗಂಡ ಸತ್ತು ತವರಿಗೆ ಬಂದವಳ ಮಾತನ್ನು ಯಾರು ಕೇಳುತ್ತಿದ್ದರು? ಅಂಗಳಕ್ಕೆ ಗಂಡಸರು ಬಂದರೆ ಒಳಗೆ ಸರಿಯಬೇಕಾದವಳು ನಾನು. ಈಗ ಚಾವಡಿಯಲ್ಲಿ ಕೂತು, "ಅಣ್ಣ ಹೇಳ್ತಾನ" ಎಂದು ಶುರುಮಾಡಿದರೆ ಗೌಡರೂ ತಲೆಬಾಗಿ ಕೇಳುತ್ತಿದ್ದರು. ದೊಡ್ಡವ್ವ ಒಬ್ಬಳೇ ಒಂದು ದಿನ ಅಂದಳು: "ಅಂವ ಹೊಲದ ಸುದ್ದೀನ ಎತ್ತಿರಲಿಲ್ಲಲ್ಲ? ನಾ ಇಲ್ಲೇ ಇದ್ದೆ."

"ನಿನಗ ಕಿವಿ ಮಂದ ಆಗೇತಿ," ಎಂದೆ.

"ಕಿವಿ ಮಂದ ಆಗೇತಿ, ಬುದ್ಧಿ ಆಗಿಲ್ಲ," ಎಂದಳು.

ಎರಡನೆಯ ವರ್ಷ ಕಂಪನಿ ಬಂಕಾಪುರದಲ್ಲಿ ಬೀಡುಬಿಟ್ಟಿತು. ಮಾಲಕರು ತಾವೇ ನಮ್ಮ ಮನೆಗೆ ಬಂದರು. ಧಡೂತಿ ಮನುಷ್ಯ, ರಾಜನ ಪಾತ್ರ ಮಾಡಿ ಮಾಡಿ ಕೂತರೂ ಸಿಂಹಾಸನದ ಮೇಲೆ ಕೂತ ಹಾಗೆ. ಅಣ್ಣನ ಎರಡೂ ಕೈ ಹಿಡಿದುಕೊಂಡು ಹೇಳಿದರು:

"ಮಾಸ್ತರ, ಪ್ರಾಂಪ್ಟ್ ಮಾಡೂದು ಬ್ಯಾಡ್ರಿ. ನೀವು ಹಾಡ್ತೀರಿ ಅಂತ ಕೇಳೇನಿ. ಹುಡುಗರಿಗೆ ಹಾಡಿನ ಚಾಲಿ ಹೇಳಿಕೊಡ್ರಿ, ಪ್ರತಿ ನಕಲ ಮಾಡ್ರಿ. ಇಲ್ಲಾ, ಸುಮ್ಮನ ಪಕ್ಕದಾಗ ಕುಂದರ್‍ರಿ. ನೀವು ಕುಂತೀರಿ ಅಂದ್ರ ನಟರಿಗೆ ಮಾತು ಮರಿಯೂದಿಲ್ಲ. ಕಂಪನಿ ಅಂದ್ರ ನಿಮ್ಮ ಮನೀನ. ಬರ್ತೀರೇನ್ರಿ?"

ಅದು ನಿಜ, ಅಣ್ಣ ಹಾಡುತ್ತಿದ್ದ. 'ಉಪ್ಪು' ಎನ್ನಲಾಗದವನು, ನಾನು ಬೀಸುವಾಗ ಹಾಡಿದರೆ ಜೊತೆಗೆ ಇಡೀ ಹಾಡನ್ನು ಮಾತು ತಪ್ಪದೆ ಹಾಡುತ್ತಿದ್ದ. ಹಾಡಿನ ಹಾದಿ ಕೆಟ್ಟಿರಲಿಲ್ಲವೇನೋ. ಮಾಲಕರ ಮಾತಿಗೆ ಅಣ್ಣನ ಮುಖ ಗ್ಯಾಸಬತ್ತಿ ಹಚ್ಚಿದಂತಾಯಿತು. ತುಟಿ ಕೂಡಿಸಿದ. "ಬ…" ಎಂದ. "ಬ… ಬ…"

'ಬ' ಎಂಬುದು ಮೋಸದ ಅಕ್ಷರ. ನಮ್ಮ ಕಡೆ 'ಬರ್ತೇನಿ'ಯೂ ಅದರಿಂದಲೇ ಶುರು, 'ಬ್ಯಾಡ'ವೂ ಅದರಿಂದಲೇ.

ನಾನು ಅಣ್ಣನ ಗಂಟಲು ನೋಡಿದೆ. ಗಂಟಲಗಂಟು ಮೇಲೆ ಕೆಳಗೆ ಆಡುತ್ತಿತ್ತು. ನೋಡಿಯೂ, "ಬ್ಯಾಡ ಅಂತಾನ್ರಿ," ಎಂದೆ.

ಅಣ್ಣ ನನ್ನ ಕಡೆ ತಿರುಗಿದ. ನೆಲಕ್ಕೆ ಕೈ ಬಡಿದು, "ಬ! ಬ!" ಎಂದ.

"ನೋಡ್ರಿ, ಗಟ್ಟಿಯಾಗೇ ಬ್ಯಾಡ ಅನ್ನಾಕತ್ತಾನ."

"ಪರದೆ ಜಗ್ಗು!" ಎಂದು ಅಣ್ಣ ಕಿರುಚಿದ. ಆ ಶಬ್ದ ಬಂದಿತೆಂದರೆ ಮುಗಿಯಿತು, ಉಳಿದದ್ದೆಲ್ಲ ಅದರ ಕೆಳಗೆ ಸಿಕ್ಕಿಬೀಳುತ್ತಿತ್ತು. ಮಾಲಕರು ಕಣ್ಣೊರೆಸಿಕೊಂಡು, ಒಂದು ಶಾಲು ಹೊದಿಸಿ, ಸಿಂಹಾಸನದಿಂದ ಎದ್ದುಹೋದರು. ಕಂಪನಿಗೆ ಬಾರದವರಿಗೆ ಶಾಲು ಹೊದಿಸಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ನಾನು ತಪ್ಪಾಗಿ ಕೇಳಿಸಿಕೊಂಡೆನೆಂದು ನನಗೆ ನಾನೇ ಹೇಳಿಕೊಂಡೆ. ನನ್ನಷ್ಟು ಚೆನ್ನಾಗಿ ನನ್ನ ಮಾತನ್ನು ನಂಬುವವರು ಬೇರೆ ಯಾರೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಹಾಲಿನವಳು ಬಂದಾಗ, "ಅಣ್ಣಗ ಗಟ್ಟಿ ಹಾಲು ಬೇಕಂತ," ಎಂದು ಶುರುಮಾಡಿದೆ. ಅಣ್ಣ ನನ್ನ ಬಾಯಿಯ ಮೇಲೆ ಕೈಯಿಟ್ಟ. ನೀರಿನ ತಂಬಿಗೆ ತಂದು ಮುಂದೆ ಹಿಡಿದ. ಕುಡಿಯಲೆಂದು ಬಾಯಿಗೆ ಹಾಕಿಕೊಂಡೆ. ನುಂಗಬೇಡ ಎಂದು ಗಂಟಲು ಮುಟ್ಟಿ ತೋರಿಸಿದ, ಉಗುಳಬೇಡ ಎಂದು ತುಟಿ ಮುಟ್ಟಿ ತೋರಿಸಿದ. ಬಾಯಿತುಂಬ ನೀರು ಇಟ್ಟುಕೊಂಡು, ಕೆನ್ನೆ ಎರಡೂ ಉಬ್ಬಿಸಿಕೊಂಡು, ಹಾಲಿನವಳ ಮುಂದೆ ನಾನು ಗಣಪತಿಯ ಹಾಗೆ ಕೂತೆ. ಅಣ್ಣ ಹಾಲಿನ ಚರಿಗೆ ನೋಡಿದ, ಕಣ್ಣು ಮುಚ್ಚಿದ. ನನ್ನ ಬಾಯೊಳಗಿನ ನೀರು ಬೆಚ್ಚಗಾಗಿ ಹೋಯಿತು. ಹಾಲಿನವಳು ಎರಡು ಸಲ ಆಕಳಿಸಿದಳು. ಬೇರೆಯವರ ಮಾತಿಗೆ ಕಾಯುವುದೆಂದರೆ ಎಷ್ಟು ಹೊತ್ತು ಎಂಬುದು ನನಗೆ ಆ ದಿನ ತಿಳಿಯಿತು.

"ಹಾ…" ಎಂದ ಅಣ್ಣ. "ಹಾ… ಲು."

ನನಗೆ ನೀರು ನೆತ್ತಿಗೇರಿ ಕೆಮ್ಮು ಬಂತು. ಹಾಲಿನವಳ ಸೀರೆಯೆಲ್ಲ ತೊಯ್ದುಹೋಯಿತು. ಪೆಟ್ಟು ಬಿದ್ದ ಮೇಲೆ ಅಣ್ಣ ಮೊದಲ ಸಲ ಬಿದ್ದು ಬಿದ್ದು ನಕ್ಕ.

ಮುಂದೆ ಹೆಸರಾದ ಅವನ ಚಿಕಿತ್ಸೆ ಹುಟ್ಟಿದ್ದು ಹೀಗೆ. ರೋಗಿಗೆಂದು ಹುಟ್ಟಿದ್ದಲ್ಲ, ನನಗೆಂದು ಹುಟ್ಟಿದ್ದು. ದಿನವೂ ನನ್ನ ಬಾಯಿಗೆ ನೀರು, ಅವನ ಬಾಯಿಗೆ ಒಂದೊಂದು ಮಾತು. ಹಾಡಿನೊಳಗಿಂದ ಒಂದು ಶಬ್ದವನ್ನು ಮೆಲ್ಲಗೆ ಈಚೆಗೆ ಎಳೆದುಕೊಳ್ಳುವುದನ್ನು ಕಲಿತ. ಬಾರದ ಶಬ್ದದ ಬೆನ್ನು ಹತ್ತದೆ ಬೇರೆ ದಾರಿಯಿಂದ ಅದರ ಹಿತ್ತಲಿಗೆ ಹೋಗುವುದನ್ನು ಕಲಿತ. ಒಂದು ವರ್ಷದಲ್ಲಿ ನಿಧಾನವಾಗಿ, ಎಡವುತ್ತ, ಮಾತಾಡತೊಡಗಿದ. ಆ 'ಬ'ದ ಸುದ್ದಿಯನ್ನು ಮಾತ್ರ ಎತ್ತಲಿಲ್ಲ. ನಾನಂತೂ ಎತ್ತುವವಳೇ ಅಲ್ಲ. ನನ್ನ ಬಾಯಿತುಂಬ ನೀರಿತ್ತಲ್ಲ!

ಸುದ್ದಿ ಹರಡಿತು. ಮೊದಲು ಬಂದವನು ಶಿಗ್ಗಾಂವಿಯ ಒಬ್ಬ ರೈತ. ಎತ್ತು ತಲೆಗೆ ಒದ್ದಿತ್ತು. ಅಣ್ಣನಿಗೆ ಇನ್ನೂ ವಿದ್ಯೆ ಹೊಸದು. ತನಗೆ ಸುಲಭವಾಗಿ ಬರುತ್ತಿದ್ದ ನಾಟಕದ ಮಾತುಗಳನ್ನೇ ಹಾಡಿನ ಧಾಟಿಯಲ್ಲಿ ಅವನಿಗೆ ಕಲಿಸಿದ. ರೈತ ಬೇಗ ಕಲಿತ. ಎಲ್ಲರೂ ಕೊಂಡಾಡಿದರು. ಮನೆಗೆ ಹೋದ ಮೇಲೆ ಅವನ ಹೆಂಡತಿ ತಿರುಗಿ ಬಂದಳು.

"ಏನ್ ಕಲಿಸೀರಿ ಮಾಸ್ತರ? ನೀರು ಬೇಕಾದ್ರ 'ಎಲೈ ರಮಣೀ' ಅಂತಾರ. ಎತ್ತಿಗೆ 'ಎಲವೋ ದುರುಳಾ' ಅಂತಾರ. ಎತ್ತು ಕದಲೂದಿಲ್ರಿ! ಹೊಲದಾಗ ಮಂದಿ ಬಿತ್ತಿಗಿ ಬಿಟ್ಟು ನೋಡಾಕ ನಿಂದರ್ತಾರ."

ಅಣ್ಣ ತಲೆ ಕೆರೆದುಕೊಂಡ. ಮರುದಿನವೇ ಚಕ್ಕಡಿ ಹತ್ತಿ ಶಿಗ್ಗಾಂವಿಗೆ ಹೋಗಿ ಅವರ ಮನೆಯಲ್ಲಿ ಉಳಿದ. ಆ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಯಾವ ಮಾತಿಗೆ ಕೆಲಸವಿದೆ ಎಂದು ಕೇಳಿಸಿಕೊಂಡ. ಬಾರುಕೋಲು, ಮೇವು, ಹಗ್ಗ, ಮೊಮ್ಮಗನ ಹೆಸರು. ಅವನ್ನೇ ಕಲಿಸಿದ. ಕಲಿಸುವವನಿಗೆ ಬರುವ ಮಾತು ಬೇರೆ, ಕಲಿಯುವವನಿಗೆ ಬೇಕಾದ ಮಾತು ಬೇರೆ ಎಂಬುದನ್ನು ಅಣ್ಣ ಕಲಿತದ್ದು ಆ ಎತ್ತಿನಿಂದ. ಹಿಂದಿರುಗುವಾಗ ರೈತನ ಹೆಂಡತಿ ಬಾಗಿಲ ಮರೆಯಿಂದ ಹೇಳಿದಳಂತೆ: "ಎಲ್ಲಾ ಮರೆಸ್ರಿ ಮಾಸ್ತರ… ಆ ರಮಣೀ ಅನ್ನೂದೊಂದು ಇರಲಿ ಬಿಡ್ರಿ."

ಸವಣೂರಿನ ಒಬ್ಬ ವೀಳ್ಯದೆಲೆ ತೋಟದವನ ಕಥೆ ಬೇರೆ. ಅವನಿಗೆ ಮಾತು ಚೆನ್ನಾಗಿಯೇ ಇತ್ತು, ಜಗತ್ತು ಅರ್ಧ ಹೋಗಿತ್ತು! ತಲೆಗೆ ಪೆಟ್ಟು ಬಿದ್ದ ಮೇಲೆ ಎಡಗಡೆ ಇರುವುದೊಂದೂ ಅವನ ಗಮನಕ್ಕೆ ಬರುತ್ತಿರಲಿಲ್ಲ. ಗಂಗಾಳದ ಬಲಗಡೆಯದನ್ನು ಉಂಡು, "ಅರ್ಧ ಹೊಟ್ಟಿಗೆ ಹಾಕ್ತೀಯಲ್ಲ, ಕೈ ಸೇದಿಹೋಗೈತೇನ ನಿಂದು?" ಎಂದು ಹೆಂಡತಿಯ ಮೇಲೆ ಹರಿಹಾಯುತ್ತಿದ್ದ. ಎಡಗಡೆಯ ರೊಟ್ಟಿ ಹಾಗೆಯೇ ಇರುತ್ತಿತ್ತು. ಎಡಗೆನ್ನೆಯ ಗಡ್ಡ ಉಳಿಸಿ ಬಲಗೆನ್ನೆ ಬೋಳಿಸಿಕೊಳ್ಳುತ್ತಿದ್ದ. ಅಣ್ಣ ಬಹಳ ಹೊತ್ತು ನೋಡಿ ಕೈ ಚಾಚಿ ಗಂಗಾಳವನ್ನು ತಿರುಗಿಸಿದ. "ಹಾಂ, ಈಗ ಹಾಕಿದ್ಲು ನೋಡ್ರಿ! ನೀವು ಬಂದೀರಂತ ಹೆದರಿ ಹಾಕಿದ್ಲು!" ಎಂದ ತೋಟದವನು.

ದಿನವೂ ಗಂಗಾಳ ತಿರುಗಿಸುತ್ತ ಕೂಡುವುದು ಆಗದ ಮಾತು. ಎಡಗಡೆಗೆ ತಾನೇ ತಿರುಗುವುದನ್ನು ಅವನಿಗೆ ಕಲಿಸಬೇಕಾಗಿತ್ತು. ಅಣ್ಣ ಅವನ ಅತ್ತೆಯನ್ನು ಎಡಗಡೆ ಕೂಡ್ರಿಸಿ, ಅಲ್ಲಿಂದಲೇ ಹೆಸರು ಹಿಡಿದು ಕರೆಯಲು ಹೇಳಿದ. ವಾರಗಟ್ಟಲೆ ಕರೆದ ಮೇಲೆ ಒಂದು ದಿನ ಅವನು ಮೆಲ್ಲಗೆ ಕತ್ತು ಹೊರಳಿಸಿದ, ಅತ್ತೆಯನ್ನು ಕಂಡ, ಮುಖ ಬಾಡಿತು.

"ನೀವಿನ್ನೂ ಇಲ್ಲೇ ಅದೀರೇನ್ರಿ? ನಾ ನೀವು ಊರಿಗೆ ಹೋಗೀರಂತ ಆರಾಮಿದ್ದೆ!"

ರೋಗ ವಾಸಿಯಾದದ್ದಕ್ಕೆ ರೋಗಿ ದುಃಖಪಟ್ಟದ್ದು ಅದೊಂದೇ ಸಲ. ಅತ್ತೆ ಮಾತ್ರ ಅಣ್ಣನಿಗೆ ಐವತ್ತೆಲೆಯ ಕವಳೆ ಕಟ್ಟಿ ಕಳಿಸಿದಳು.

ಮಾತು ಹೋದವರು ಬಂದರೆ ಅಣ್ಣನ ನಿಯಮ ಕಠಿಣ. ರೋಗಿಯ ಜೊತೆಗೆ ಬಂದ ನೆಂಟರೆಲ್ಲ ಬಾಯಿತುಂಬ ನೀರು ಹಾಕಿಕೊಂಡೇ ಚಾವಡಿಗೆ ಬರಬೇಕು. ನೀರಿನ ಹಂಡೆ ಬಾಗಿಲಲ್ಲೇ. ಅಪ್ಪ, ಅವ್ವ, ಅಣ್ಣತಮ್ಮಂದಿರು, ಸೋದರತ್ತೆ ಎಲ್ಲರೂ ಕೆನ್ನೆ ಉಬ್ಬಿಸಿಕೊಂಡು ಸಾಲಾಗಿ ಕೂತಿರುತ್ತಿದ್ದರು. ದಾರಿಯಲ್ಲಿ ಹೋಗುವವರು ಇಣುಕಿ, "ಇದೇನ್ರಿ, ಇಡೀ ಮನಿತನಕ್ಕ ಗದ್ದಬಾವು ಬಂದೈತೇನು?" ಎಂದು ಕೇಳುತ್ತಿದ್ದರು. ಉತ್ತರ ಕೊಡಲು ಯಾರಿಗೂ ಬಾಯಿ ತೆರವಿರುತ್ತಿರಲಿಲ್ಲ.

ಹಿರೇಕೆರೂರಿನ ಅರಳೆ ವ್ಯಾಪಾರಿಗಳ ಮಗನೊಬ್ಬ ಚಕ್ಕಡಿಯಿಂದ ಬಿದ್ದಿದ್ದ. ಹೊಸದಾಗಿ ಮದುವೆಯಾದ ಹುಡುಗ. ಹೆಂಡತಿ ಎದುರಿಗೆ ಕೂತು ದಿನವೂ ನೀರು ತುಂಬಿಕೊಂಡು ಕಾಯುತ್ತಿದ್ದಳು. ತನ್ನ ಹೆಸರನ್ನೇ ಮೊದಲು ಹೇಳುತ್ತಾನೆ ಎಂದು ಅವಳ ಆಸೆ. ಹೆಸರು ನೀಲಮ್ಮ. ಒಂದು ದಿನ ಅವನ ತುಟಿ ನಡುಗಿತು. ಕೆನ್ನೆ ಉಬ್ಬಿದ ಮುಖಗಳೆಲ್ಲ ಮುಂದಕ್ಕೆ ಬಾಗಿದವು.

"ಚಂ… ದ್ರಿ," ಎಂದ.

ನೀಲಮ್ಮನ ಬಾಯೊಳಗಿನ ನೀರೆಲ್ಲ ಮಾವನವರ ರುಮಾಲಿನ ಮೇಲೆ ಬಿತ್ತು. "ಯಾರಾಕಿ ಚಂದ್ರಿ?" ಎಂದು ಅವಳು ಕೇಳಿದ ದನಿಗೆ ನಮ್ಮ ದೊಡ್ಡವ್ವನ ಮಂದವಾದ ಕಿವಿಯೂ ತೆರೆಯಿತು. ಮಾವನವರು ಅವಸರದಿಂದ ನೀರು ನುಂಗಿ, "ಎಮ್ಮಿ ಅದು ತಂಗೀ, ಎಮ್ಮಿ! ನಮ್ಮ ಮನ್ಯಾಗ ಒಂದ ಇತ್ತು, ಮಾರಿದ್ವಿ!" ಎಂದರು. ಎಮ್ಮೆಯೇ ಇರಬೇಕು. ಅವರ ಮನೆಯವರು ಈಗಲೂ ಹಾಗೆಯೇ ಹೇಳುತ್ತಾರೆ.

ಬಂಕಾಪುರದಿಂದ ಬರುತ್ತಿದ್ದ ಒಬ್ಬ ಮುದುಕನಿಗೆ ಮಾತ್ರ ಕೊನೆಯವರೆಗೂ ಮಾತು ಬರಲಿಲ್ಲ. ಅಣ್ಣ ತನಗೆ ತಿಳಿದದ್ದನ್ನೆಲ್ಲ ಮಾಡಿ ಸೋತ. ಆಮೇಲೆ ಬೆರಳಿನಿಂದ, ಕಣ್ಣಿನಿಂದ ಹೇಳುವುದನ್ನು ಅವನಿಗೂ ಅವನ ಹೆಂಡತಿಗೂ ಕಲಿಸಿದ. ಕಲಿತ ಮೇಲೂ ಮುದುಕ ಪ್ರತಿ ಸಂತೆಗೆ ಬಂದು ನಮ್ಮ ಕಟ್ಟೆಯ ಮೇಲೆ ಅಣ್ಣನ ಪಕ್ಕದಲ್ಲಿ ಕೂತು, ಇಬ್ಬರೂ ಒಂದು ಮಾತಿಲ್ಲದೆ ಎಲೆ ಅಡಿಕೆ ಹಾಕಿಕೊಂಡು, ಸಂಜೆ ಎದ್ದುಹೋಗುತ್ತಿದ್ದ. ಇವತ್ತು ಚೆನ್ನಾಗಿ ಮಾತಾಡಿದೆವು ಎಂಬ ಹಾಗೆ ಅಣ್ಣನ ಮುಖ ಇರುತ್ತಿತ್ತು.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು, ಏರು ಬಂದರೆ ಜನ ಇಳಿದು ನೂಕುತ್ತಿದ್ದರು. ಅಂಥದೊಂದು ಬಸ್ಸಿನಲ್ಲಿ ಹುಬ್ಬಳ್ಳಿಯ ಆ ಡಾಕ್ಟರು ಹಾನಗಲ್ಲಿಗೆ ಬಂದರು. ತಮ್ಮ ರೋಗಿ ವೈದ್ಯನಾಗಿದ್ದಾನೆಂದು ಕೇಳಿ ನೋಡಲು ಬಂದಿದ್ದರು. ಅಣ್ಣನ ಮುಂದೆ ಕೂತಿದ್ದ ರೋಗಿಗೆ ಏನೋ ಕೇಳಬೇಕೆಂದು ಬಾಯಿ ತೆರೆದರು. ಅಣ್ಣ ಅವರ ಕೈಗೂ ತಂಬಿಗೆ ಕೊಟ್ಟ! ನಾನು ಹಣೆ ಚಚ್ಚಿಕೊಂಡೆ. ಡಾಕ್ಟರು ನಕ್ಕು, ಟೊಪ್ಪಿಗೆ ತೆಗೆದಿಟ್ಟು, ನೀರು ತುಂಬಿಕೊಂಡು ನೆಂಟರ ಸಾಲಿನಲ್ಲಿ ಕೂತರು. ಸಂಜೆಯವರೆಗೆ ಇಬ್ಬರೂ ಒಬ್ಬರನ್ನೊಬ್ಬರು ಕೇಳಿದ್ದೇ ಕೇಳಿದ್ದು. ತಮಗೆ ತಿಳಿದದ್ದನ್ನು ಅವರು ಹೇಳಿದರು, ತಾನು ಕಂಡದ್ದನ್ನು ಇವನು ಹೇಳಿದ. ಹೋಗುವಾಗ ಡಾಕ್ಟರು ನನ್ನ ಕಡೆ ನೋಡಿ ಅಂದರು:

"ನಾ ಅವತ್ತ ಹೇಳಿದ್ದನ್ನ ಭಾಳ ಛಂದ ನಡಿಸೀರವಾ. ಮಾತಾಡಿಸ್ರಿ ಅಂದಿದ್ದೆ, ಮಾತಾಡಿಸೀರಿ."

"ಮಾತಾಡ್ರಿ ಅಂದಿದ್ರಿ, ಸಾಹೇಬ್ರ," ಎಂದೆ.

"ಛೇ ಛೇ. ಮಾತಾಡಿ-ಸ್ರಿ."

ಒಂದು 'ಸ'! ನಾಲ್ಕನೆಯ ಇಯತ್ತೆಯಲ್ಲಿ ಕಲಿಸುತ್ತಿದ್ದರೇನೋ, ನಾನು ಅಲ್ಲಿಗೆ ಹೋಗಲೇ ಇಲ್ಲ. ಆ 'ಸ' ಇದ್ದಿದ್ದರೆ ಅ‍ಣ್ಣ ಮೊದಲ ವರ್ಷವೇ ಮಾತಾಡುತ್ತಿದ್ದನೋ ಏನೋ. ಮಾಲಕರು ಬಂದ ದಿನ ತನ್ನ ಮಾತನ್ನು ತಾನೇ ಆಡುತ್ತಿದ್ದನೋ ಏನೋ. ಎಲ್ಲ ತಪ್ಪನ್ನೂ ಆ ಒಂದು ಅಕ್ಷರದ ತಲೆಗೆ ಕಟ್ಟಿಬಿಡಬಹುದಾಗಿತ್ತು. ನಾನು ಕಟ್ಟಿಯೂ ನೋಡಿದೆ. ನಿಲ್ಲಲಿಲ್ಲ. 'ಸ' ಕಿವಿಯಲ್ಲಿ ಬಿದ್ದುಹೋದದ್ದು ನಿಜ. ಆದರೆ 'ಬ' ನನ್ನ ಕಿವಿಗೆ ಸರಿಯಾಗಿಯೇ ಬಿದ್ದಿತ್ತು.

ಯುದ್ಧ ಮುಗಿದು ಕೆಲವು ವರ್ಷವಾಗಿತ್ತು, ದೊಡ್ಡವ್ವ ತೀರಿಕೊಂಡಿದ್ದಳು. ಕಂಪನಿಯ ಹಳೆಯ ಹಾರ್ಮೋನಿಯಂ ಬಾರಿಸುವವರು ಒಂದು ಮಧ್ಯಾಹ್ನ ಮನೆಗೆ ಬಂದು, ಕಂಪನಿ ಮುಚ್ಚಿತು ಎಂದರು. ಟಾಕಿ ಸಿನೆಮಾ ಬಂದ ಮೇಲೆ ಜನ ನಾಟಕಕ್ಕೆ ಬರುವುದು ನಿಂತಿತ್ತಂತೆ. ಪರದೆಗಳನ್ನೆಲ್ಲ ಮಾರಿದರಂತೆ. ಮಾಲಕರು ಹಾಸಿಗೆ ಹಿಡಿದಿದ್ದರಂತೆ. ಹಾರ್ಮೋನಿಯಂನವರು ಎದ್ದುಹೋದ ಮೇಲೆ ಅಣ್ಣನೂ ನಾನೂ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತ ಕೂತೆವು. ಸುಮ್ಮನಿರಲು ನನಗೆ ಬರುತ್ತದೆಯೆ?

"ನೀ ಹೋಗದಿದ್ದದ್ದ ಚಲೋ ಆತು ನೋಡಣ್ಣಾ," ಎಂದೆ. "ಹೋಗಿದ್ರ ಈಗ ಬೀದ್ಯಾಗ ಇರ್ತಿದ್ದಿ."

ಅಣ್ಣ ಕೈಯಲ್ಲಿದ್ದ ಕಾಯಿ ಕೆಳಗಿಟ್ಟ. ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ. ಚಾವಡಿಯಲ್ಲಿ ರೋಗಿಗಳ ಮುಂದೆ ಕೂಡುವಂತೆ ಕಾಲು ಮಡಚಿ, ನನ್ನ ಕಡೆ ತಿರುಗಿ ಕೂತ.

"ಹೇ… ಳು," ಎಂದ.

"ಏನ್ ಹೇಳಲಿ?"

ಅವನು ಸುಮ್ಮನೆ ಕಾಯ್ದ.

"ಆ ದಿನ… ಮಾಲಕರು ಬಂದಿದ್ರಲ್ಲ, ನೀ…" ಎಂದೆ. ಮುಂದಿನ ಮಾತು ಬರಲಿಲ್ಲ. ಹುಟ್ಟಿದಾಗಿನಿಂದ ಮಾತಿಗೆ ಬರಗಾಲ ಕಾಣದವಳು ನಾನು. ಮಾತು ಅಲ್ಲೇ ಇತ್ತು, ಕಣ್ಣಿಗೆ ಕಾಣುತ್ತಿತ್ತು, ಬಾಯಿಗೆ ಬರುವ ಹಾದಿ ಮಾತ್ರ ಇರಲಿಲ್ಲ. "ನೀ ಆವಾಗ… ನಾ…" ಎಂದೆ. ಗುಬ್ಬಿಗಳು ಬಂದು ಮೊರದೊಳಗಿನ ಅವರೆಕಾಳು ಹೆಕ್ಕತೊಡಗಿದವು. ಅಣ್ಣ ಓಡಿಸಲಿಲ್ಲ. ಬಾಗಿಲಲ್ಲಿ ಯಾರೋ ಕರೆದರು, ತಿರುಗಿ ನೋಡಲಿಲ್ಲ. ಅವನಿಗೆ ಆ ಮಾತು ಗೊತ್ತಿತ್ತು. ಒಂದು ಮಾತು ಅವನು ಕೊಟ್ಟಿದ್ದರೆ ನಾನು ಹೂಂ ಎಂದು ಪಾರಾಗುತ್ತಿದ್ದೆ. ಕೊಡಲಿಲ್ಲ. ಇಡೀ ಮಧ್ಯಾಹ್ನ ನನ್ನದೇ ಎಂಬ ಹಾಗೆ ಕೂತಿದ್ದ.

"ನೀ ಬರ್ತೇನಿ ಅನ್ನಾಂವ ಇದ್ದಿ," ಎಂದೆ ಕಡೆಗೆ. "ನನಗ ಗೊತ್ತಿತ್ತಣ್ಣಾ. ಗೊತ್ತಿದ್ದೂ ಬ್ಯಾಡ ಅಂದೆ."

ಅಣ್ಣ ಮೆಲ್ಲಗೆ ತಲೆಯಾಡಿಸಿದ.

"ಯಾಕಂದ್ರ…" ಎಂದೆ. ಅದರ ಮುಂದಿನ ಮಾತು ನನ್ನಲ್ಲಿ ಇರಲೇ ಇಲ್ಲ. ಹುಡುಕಿದೆ, ಸಿಗಲಿಲ್ಲ. ಬಾಯಿ ತೆರೆದೆ, ಅಳು ಬಂತು. "ಯಾಕಂದ್ರ ನಾ… ಯಾಕಂದ್ರ…"

ಅಷ್ಟು ವರ್ಷಗಳಲ್ಲಿ ಅಣ್ಣ ಯಾವ ರೋಗಿಗೂ ಒಂದು ಮಾತನ್ನು ಬಾಯಿಗಿಟ್ಟದ್ದನ್ನು ನಾನು ಕಂಡಿರಲಿಲ್ಲ. ಈಗ ಅವರೆಯ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ ಹತ್ತಿರ ಬಂದು, ನನ್ನ ತಲೆಯ ಮೇಲೆ ಕೈಯಿಟ್ಟು, ಬಾಗಿಲಲ್ಲಿ ನಿಂತವರಿಗೂ ಕೇಳಿಸದ ಸಣ್ಣ ದನಿಯಲ್ಲಿ, ನನ್ನೊಬ್ಬಳ ಕಿವಿಗೇ ಎಂಬ ಹಾಗೆ, ಎಡವದೆ ಹೇಳಿದ:

"ಅಂಜಿದ್ದಿ."

"ಹೂಂ ಅಣ್ಣಾ," ಎಂದೆ. "ಅಂಜಿದ್ದೆ."